ಘಟ್ಟದ ಹಾದಿಗಳು, ಹಾದಿಬದಿಯ ಊರುಗಳು

ಶಿವಮೊಗ್ಗ ಸೀಮೆಯ ಹಳಬರ ಮಾತಿನಲ್ಲಿ ಲೋಕವೆಲ್ಲ ಎರಡೇ ಭಾಗ. ಒಂದು ಘಟ್ಟದ ಮೇಲೆ, ಇನ್ನೊಂದು ಘಟ್ಟದ ಕೆಳಗೆ. ಮಾತಿನ ಧಾಟಿ, ಊಟದ ರುಚಿ, ಉಡುವ ರೀತಿ, ಮನೆಯ ಮಾಡು, ಎಲ್ಲದಕ್ಕೂ ಈ ಲೆಕ್ಕವೇ. “ಅವರು ಘಟ್ಟದ ಕೆಳಗಿನವರು” ಎಂದರೆ ಸಾಕು, ಕೇಳಿದವರು ಅರ್ಧ ಪರಿಚಯ ಆದಂತೆ ತಲೆದೂಗುತ್ತಾರೆ. ಈ ಎರಡು ಲೋಕಗಳ ನಡುವೆ ಸಹ್ಯಾದ್ರಿ ಗೋಡೆಯ ಹಾಗೆ ನಿಂತಿದೆ. ಆದರೆ ಬಾಗಿಲಿಲ್ಲದ ಗೋಡೆಯನ್ನು ಯಾರೂ ಮನೆಗೆ ಕಟ್ಟುವುದಿಲ್ಲ. ಪ್ರಕೃತಿಯೂ ಅಲ್ಲಲ್ಲಿ ಕಿಂಡಿ ಬಿಟ್ಟಿತು. ಮನುಷ್ಯನು ಆ ಕಿಂಡಿಗಳನ್ನು ಹುಡುಕಿ, ಕಲ್ಲು ಹಾಸಿ, ಕಟ್ಟೆ ಕಟ್ಟಿ ಬಾಗಿಲು ಮಾಡಿಕೊಂಡನು. ಅವೇ ನಮ್ಮ ಘಟ್ಟದ ಹಾದಿಗಳು. ಉತ್ತರದಿಂದ ದಕ್ಷಿಣಕ್ಕೆ ಎಣಿಸಿದರೆ ಗೇರುಸೊಪ್ಪೆಯ ಘಟ್ಟ, ಕೊಲ್ಲೂರು ಘಟ್ಟ, ಹೊಸಂಗಡಿ ಅಥವಾ ಹುಲಿಕಲ್ ಘಟ್ಟ, ಆಗುಂಬೆ ಘಟ್ಟ ಇವು ಮುಖ್ಯವಾದುವು. ಇವುಗಳ ನಡುವೆ ಹೆಸರಿಲ್ಲದ ಕಾಲುದಾರಿಗಳು ಎಷ್ಟೋ.

ಇಂದು ಆಗುಂಬೆಯ ಮೇಲೆ ನಿಂತು ಬಸ್ಸು ತಿರುವಿನ ಮೇಲೆ ತಿರುವು ಇಳಿಯುವುದನ್ನು ನೋಡುವವರಿಗೆ ಹಿಂದಿನ ಘಟ್ಟದ ಹಾದಿ ಹೇಗಿತ್ತೆಂಬುದು ಸುಲಭವಾಗಿ ಮನಸ್ಸಿಗೆ ಬರಲಾರದು. ಗಾಡಿ ಹೋಗುವ ದಾರಿಯಲ್ಲ ಅದು. ಬೆನ್ನಿನ ಎರಡೂ ಕಡೆ ಚೀಲ ಹೊತ್ತ ಹೇರೆತ್ತುಗಳು ಒಂದರ ಹಿಂದೆ ಒಂದು ಸಾಲಾಗಿ ನಡೆಯುವಷ್ಟೇ ಅಗಲ. ಎರಡು ಸಾವಿರ ಅಡಿಯಷ್ಟು ಇಳುಕಲನ್ನು ಕೆಲವೇ ಮೈಲಿಗಳಲ್ಲಿ ಇಳಿಯಬೇಕು. ಮಳೆಗಾಲದಲ್ಲಿ ಹಾದಿಯೇ ಹಳ್ಳವಾಗುತ್ತಿತ್ತು. ಕಾಲಿಗೆ ಉಂಬಳ, ಮೈಗೆ ಕಂಬಳಿಕೊಪ್ಪೆ. ಮಳೆ ಕಳೆದು ನೆಲ ಗಟ್ಟಿಯಾದಮೇಲೆ ವ್ಯಾಪಾರದ ಕಾಲ ತೆರೆಯುತ್ತಿತ್ತು. ಮೇಲಿನಿಂದ ಅಕ್ಕಿ, ಒಳ್ಳೆಮೆಣಸು, ಅಡಿಕೆ, ಏಲಕ್ಕಿ ಇಳಿಯುತ್ತಿದ್ದುವು. ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನು ಏರುತ್ತಿದ್ದುವು. ಅರಸರಿಗಾಗಿ ಅರಬ್ಬೀ ಕುದುರೆಗಳೂ ಕಡಲ ಬಂದರುಗಳಿಂದ ಬರುತ್ತಿದ್ದುವು. ಮೆಣಸಿಗಾಗಿ ಪೋರ್ಚುಗೀಸರು ಸಮುದ್ರ ಸುತ್ತಿ ಬಂದರು ಎಂದು ನಾವು ಶಾಲೆಯಲ್ಲಿ ಓದುತ್ತೇವೆ. ಆ ಮೆಣಸು ಹಡಗಿಗೆ ಏರುವ ಮೊದಲು ನಮ್ಮ ಬೆಟ್ಟದಿಂದ ಎತ್ತಿನ ಬೆನ್ನಿನ ಮೇಲೆ ಇಳಿಯಬೇಕಾಗಿತ್ತೆಂಬುದು ಮಾತ್ರ ಪಾಠದಲ್ಲಿ ಬರುವುದಿಲ್ಲ. ಬೆಟ್ಟದ ನೆಲ್ಲಿಗೂ ಕಡಲಿನ ಉಪ್ಪಿಗೂ ನಿಜವಾಗಿ ನಂಟು ಹಾಕಿದ್ದು ಹೇರೆತ್ತು.

ವ್ಯಾಪಾರ ನಡೆಯುವ ಕಡೆ ಸುಂಕ ಹುಟ್ಟುತ್ತದೆ. ಸುಂಕ ಹುಟ್ಟಿದ ಕಡೆ ಕಾವಲು. ಕಾವಲು ಇದ್ದ ಕಡೆ ಕೋಟೆ. ಕೋಟೆಯ ಬುಡದಲ್ಲಿ ಪೇಟೆ. ಮಲೆನಾಡಿನ ಹಳೆಯ ಊರುಗಳ ಚರಿತ್ರೆಯನ್ನು ಇಷ್ಟರಲ್ಲಿ ಹೇಳಿಬಿಡಬಹುದು. ೧೪೯೯ರ ಸುಮಾರಿಗೆ ಚೌಡಪ್ಪನಾಯಕನಿಂದ ಮೊದಲಾಗಿ ೧೭೬೩ರವರೆಗೆ ನಡೆದ ಕೆಳದಿಯ ಅರಸುಮನೆತನ ಮೂರು ಬಾರಿ ರಾಜಧಾನಿ ಮಾಡಿತು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಕೆಳದಿ ಮತ್ತು ಇಕ್ಕೇರಿ ಸಾಗರದ ಆಸುಪಾಸಿನ ಊರುಗಳು. ಬಿದನೂರಾದರೋ ಘಟ್ಟದ ನೆತ್ತಿಗೆ ಹತ್ತಿರ. ರಾಜಧಾನಿ ಹೀಗೆ ಹೆಜ್ಜೆ ಹೆಜ್ಜೆಯಾಗಿ ಬಾಗಿಲಿನ ಕಡೆಗೆ ಸರಿದದ್ದು ಆಕಸ್ಮಿಕವಲ್ಲ. ಬಾಗಿಲು ಯಾರ ಕೈಯಲ್ಲಿತ್ತೋ ಬೊಕ್ಕಸ ಅವರ ಕೈಯಲ್ಲಿ.

ಈ ಹಾದಿಗಳನ್ನು ನಡೆದವರು ಲಕ್ಷಾಂತರ ಜನ, ಬರೆದಿಟ್ಟವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬನು ಇಟಲಿಯ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ. ೧೬೨೩ರಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ರಾಯಭಾರಿಯನ್ನು ಕಳುಹಿಸಿದರು; ದೇಶ ನೋಡುವ ಆಸೆಯಿಂದ ಈತನೂ ಜೊತೆಗೂಡಿದನು. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಬಂದರು. ಅಲ್ಲಿ ಅರ್ಧ ಶತಮಾನಕ್ಕೂ ಮೇಲ್ಪಟ್ಟು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ವೆಂಕಟಪ್ಪನಾಯಕನು ಆ ರಾಜ್ಯವನ್ನು ಗೆದ್ದುಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಆದರೂ ದೆಲ್ಲಾ ವಾಲೆ ನೋಡುವ ಹೊತ್ತಿಗೆ ನಗರವನ್ನೂ ಅರಮನೆಯನ್ನೂ ಗಿಡಮರ ಮುಚ್ಚಿಕೊಳ್ಳುತ್ತಿದ್ದುವು. ಇಂದು ಆ ಕಾಡಿನ ನಡುವೆ ನಾಲ್ಕು ದಿಕ್ಕಿಗೆ ಬಾಗಿಲುಳ್ಳ ಚತುರ್ಮುಖ ಬಸದಿ ನಿಂತಿದೆ. ಆ ಪೇಟೆಯ ಸಿರಿಗೆ ಅದೇ ಸಾಕ್ಷಿ.

ಅಲ್ಲಿಂದ ಘಟ್ಟ ಏರುವಾಗ ಈ ಪ್ರವಾಸಿಗೆ ತನ್ನ ದೇಶದ ಅಪೆನೈನ್ ಬೆಟ್ಟಗಳು ನೆನಪಾದುವು. ಹತ್ತಿ ಮುಗಿಸಿದಮೇಲೆ ಕೋಟೆಯ ಬಳಿ ಒಂದು ಹನುಮಂತನ ಗುಡಿ. ಹೊರೆಗಳು ಸಿದ್ಧವಾಗುವ ತನಕ ಆತನು ಗುಡಿಯ ಜಗಲಿಯಲ್ಲಿ ಕುಳಿತನು. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪಾದ ಮರಳು ಹರಡಿ, ಒಬ್ಬನು ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಅಂಕೆ ಬರೆಯುವುದು. ಉಳಿದವರೂ ಹಾಗೆಯೇ ಹಾಡುತ್ತ ಬರೆಯುವುದು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಚೆಲ್ಲುವುದು. ಗುರು ಇಲ್ಲದಾಗಲೂ ಒಬ್ಬರಿಗೊಬ್ಬರು ಹೇಳಿಕೊಡುತ್ತ, ಕಾಗದ ಮಸಿಗಳ ಖರ್ಚಿಲ್ಲದೆ ಕಲಿಯುವ ಈ ಪದ್ಧತಿಯನ್ನು ಕಂಡು ಆತನಿಗೆ ಸಂತೋಷವಾಯಿತು. ದೊಡ್ಡ ದೊಡ್ಡ ಅರಸರ ಯುದ್ಧಗಳನ್ನು ಬಣ್ಣಿಸಿದ ಗ್ರಂಥಗಳು ಎಷ್ಟೋ ಇವೆ. ನಾನೂರು ವರ್ಷಗಳ ಹಿಂದೆ ನಮ್ಮ ಘಟ್ಟದ ಮೇಲಿನ ಮಕ್ಕಳು ಮಗ್ಗಿ ಹೇಗೆ ಕಲಿತರು ಎಂಬುದು ನಮಗೆ ಗೊತ್ತಾಗಿರುವುದು ಮಾತ್ರ ಹಾದಿಯ ಬದಿಯಲ್ಲಿ ಹೊರೆಗಾಗಿ ಕಾದು ಕುಳಿತ ಒಬ್ಬ ದಾರಿಹೋಕನಿಂದ.

ಇಕ್ಕೇರಿಯನ್ನು ಆತನು ವಿಸ್ತಾರವಾದ ಬಯಲಿನಲ್ಲಿ ಕಂಡನು. ಊರನ್ನು ಹೊಗುವಾಗ ಮೂರು ಬಾಗಿಲು ದಾಟಬೇಕಾಯಿತು. ಹೊರಗಿನ ಸುತ್ತುಗಳಿಗೆ ಕಲ್ಲಿನ ಗೋಡೆಯ ಬದಲು ದಟ್ಟವಾಗಿ ಬೆಳೆಸಿದ ಬಿದಿರಿನ ಬೇಲಿ. ಬೀದಿಗಳು ಅಗಲ, ನೆರಳು ತಣ್ಣಗೆ, ಮನೆಗಳು ಮಾತ್ರ ಮಣ್ಣಿನವು. ಈ ಊರಿನಲ್ಲಿ ಇಂದು ಉಳಿದಿರುವುದು ಅಘೋರೇಶ್ವರ ದೇವಾಲಯ. ಆ ಭಾರಿ ಕಲ್ಲಿನ ಗುಡಿಯ ಮುಂದೆ ನಿಂತು ಸುತ್ತಲಿನ ಗದ್ದೆ ತೋಟಗಳನ್ನು ನೋಡಿದರೆ, ಒಂದು ಕಾಲಕ್ಕೆ ಇಲ್ಲಿ ಅಚ್ಚಾದ ಇಕ್ಕೇರಿ ವರಹ ದಕ್ಷಿಣದ ಪೇಟೆಗಳಲ್ಲೆಲ್ಲ ಓಡಾಡುತ್ತಿತ್ತೆಂದು ನಂಬುವುದು ಕಷ್ಟ. ದೆಲ್ಲಾ ವಾಲೆ ಮರಳುವಾಗ ಬೇರೆ ಹಾದಿ ಹಿಡಿದು ಬಸರೂರಿನ ಕಡೆ ಇಳಿದನು. ನಡುವೆ ಕೊಲ್ಲೂರು ಸಿಕ್ಕಿತು. ಅಲ್ಲಿ ದೇವಿಯ ದೊಡ್ಡ ದೇವಾಲಯ ಉಂಟೆಂದೂ, ದೂರದೂರುಗಳಿಂದ ಯಾತ್ರಿಕರು ಬರುವರೆಂದೂ ಬರೆದನು. ಹಾದಿಗಳು ವ್ಯಾಪಾರಿಯದು ಬೇರೆ, ಯಾತ್ರಿಕನದು ಬೇರೆ ಎಂದು ಇರಲಿಲ್ಲ. ಒಂದೇ ಮೆಟ್ಟಿಲನ್ನು ಮೆಣಸಿನ ಚೀಲವೂ ಮುಡಿಪಿನ ಗಂಟೂ ಏರಿದುವು, ಇಳಿದುವು.

ಬಿದನೂರು ಮೊದಲು ಬಿದರಹಳ್ಳಿ, ಬಿದಿರಿನ ನಡುವಿನ ಒಂದು ಹಳ್ಳಿ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಅದು ರಾಜಧಾನಿಯಾಯಿತು. ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನ ಹೆಸರನ್ನು ಮಲೆನಾಡಿನ ರೈತನು ಇಂದಿಗೂ ಮರೆತಿಲ್ಲ. ಜಮೀನನ್ನು ಮಣ್ಣಿನ ಗುಣ ನೋಡಿ ತರಗತಿಗಳಾಗಿ ವಿಂಗಡಿಸಿ, ಫಸಲಿನ ಲೆಕ್ಕ ಹಿಡಿದು ಕಂದಾಯ ಗೊತ್ತುಮಾಡಿದ ಆತನ ಏರ್ಪಾಟಿಗೆ “ಶಿಸ್ತು” ಎಂದೇ ಹೆಸರಾಯಿತು. ಕರಾವಳಿಯ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರು ಕೋಟೆಗಳಿಂದ ಆತನು ಪೋರ್ಚುಗೀಸರನ್ನು ಹೊರಡಿಸಿದನು. ಇದನ್ನು ಬರಿಯ ಶೌರ್ಯದ ಕಥೆಯೆಂದು ಓದಬಾರದು. ಘಟ್ಟದ ಮೇಲಿನ ಬಾಗಿಲು ತನ್ನದಾಗಿದ್ದರೂ ಕೆಳಗಿನ ಅಂಗಳ ಪರರದಾಗಿದ್ದರೆ ಪ್ರಯೋಜನವೇನು? ಬಂದರಿನಿಂದ ಬಿದನೂರಿನವರೆಗೆ ಹಾದಿ ಒಂದೇ ಕೈಗೆ ಬಂದಾಗ ಊರು ಬೆಳೆಯಿತು. ವ್ಯಾಪಾರಿಗಳೂ ಕಸುಬಿನವರೂ ಬಂದು ನೆಲೆಸಿದರು. ಲಕ್ಷ ಮನೆಗಳ ಪಟ್ಟಣ ಎಂಬ ಮಾತು ಹುಟ್ಟಿತು. ಎಣಿಸಿ ಹೇಳಿದ ಮಾತಲ್ಲ ಅದು. ಆದರೆ ಊರಿನವರ ಹೆಮ್ಮೆ ಎಷ್ಟಿತ್ತೆಂಬುದಕ್ಕೆ ಅಳತೆ.

ಹಾದಿ ತಂದ ಸಿರಿಯೇ ಹಾದಿಯಿಂದ ಆಪತ್ತನ್ನೂ ತಂದಿತು. ಬಿದನೂರಿನ ಬೊಕ್ಕಸದ ಸುದ್ದಿ ಕೇಳಿದ ಹೈದರಾಲಿ ೧೭೬೩ರಲ್ಲಿ ಅದನ್ನು ಹಿಡಿದನು. ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿಯ ಕೋಟೆ ಸೇರಿದಳು. ಊರಿಗೆ ಹೈದರನಗರವೆಂದು ಹೆಸರಾಯಿತು. ಕಾಲಾಂತರದಲ್ಲಿ ಹೈದರನ ಹೆಸರು ಸವೆದು ಬರಿಯ “ನಗರ” ಉಳಿಯಿತು. ತನ್ನ ಏಳಿಗೆಗೆ ಬಿದನೂರಿನ ಐಶ್ವರ್ಯವೇ ಬುನಾದಿಯೆಂದು ಹೈದರನು ತಾನೇ ಒಪ್ಪಿಕೊಳ್ಳುತ್ತಿದ್ದನೆಂದು ಹೇಳುತ್ತಾರೆ. ಇಪ್ಪತ್ತು ವರ್ಷದ ಮೇಲೆ, ೧೭೮೩ರ ಜನವರಿಯಲ್ಲಿ, ಇಂಗ್ಲಿಷರ ಜನರಲ್ ಮ್ಯಾಥ್ಯೂಸನು ಕುಂದಾಪುರದ ಕಡೆಯಿಂದ ಬಂದು ಹೊಸಂಗಡಿ ಘಟ್ಟವನ್ನು ಏರಿದನು. ಹಾದಿಯುದ್ದಕ್ಕೂ ಇದ್ದ ಕಾವಲು ಕಟ್ಟೆಗಳನ್ನು ಒಂದೊಂದಾಗಿ ಹಿಡಿಯುತ್ತ ಆತನ ದಂಡು ಮೇಲೆ ಬಂದಿತು. ನಗರದ ಅಧಿಕಾರಿ ಅಯಾಜನು ಊರನ್ನು ಒಪ್ಪಿಸಿಬಿಟ್ಟನು. ಆದರೆ ಕೆಲವೇ ತಿಂಗಳಲ್ಲಿ ಟಿಪ್ಪು ದೊಡ್ಡ ಸೈನ್ಯದೊಡನೆ ಬಂದು ಮುತ್ತಿ, ಘಟ್ಟದ ಹಾದಿಯನ್ನು ಕಡಿದು ಹಾಕಿದನು. ಬಾಗಿಲು ಮುಚ್ಚಿದ ಮೇಲೆ ಒಳಗೆ ಸಿಕ್ಕಿದವನ ಗತಿಯೇನು? ಮ್ಯಾಥ್ಯೂಸನು ಶರಣಾದನು, ಸೆರೆಯಲ್ಲಿಯೇ ತೀರಿಕೊಂಡನು.

ಟಿಪ್ಪುವಿನ ಕಾಲ ಮುಗಿದ ಮೇಲೆ ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿ ಸರಕಾರದ ಪರವಾಗಿ ದೇಶ ನೋಡುತ್ತ ಇಕ್ಕೇರಿ, ನಗರಗಳಿಗೆ ಬಂದನು. ಯುದ್ಧಗಳ ಪೆಟ್ಟಿನಿಂದ ನಗರ ಇನ್ನೂ ಎದ್ದಿರಲಿಲ್ಲ. ಮುಂದೆ ೧೮೩೦–೩೧ರಲ್ಲಿ ಕಂದಾಯದ ಹೊರೆ ತಾಳಲಾರದೆ ನಗರ ಸೀಮೆಯ ರೈತರು ದಂಗೆ ಎದ್ದರು. ಬೂದಿಬಸಪ್ಪನು ತಾನು ನಗರದ ಅರಸುಮನೆತನದವನೆಂದು ಹೇಳಿಕೊಂಡು ಅವರಿಗೆ ನಾಯಕನಾದನು. ಆ ದಂಗೆಯ ಫಲವಾಗಿ ೧೮೩೧ರಲ್ಲಿ ಮೈಸೂರಿನ ಆಡಳಿತವೇ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು; ೧೮೮೧ರವರೆಗೆ ಹಿಂತಿರುಗಲಿಲ್ಲ. ಘಟ್ಟದ ಅಂಚಿನ ಒಂದು ಸೀಮೆಯ ಬೇಗುದಿ ಐವತ್ತು ವರ್ಷಗಳ ಕಾಲ ಇಡೀ ಸಂಸ್ಥಾನದ ಹಣೆಬರಹವನ್ನು ಬದಲಿಸಿತು.

ಆದರೆ ನಗರವನ್ನು ನಿಜವಾಗಿ ಬರಿದುಮಾಡಿದ್ದು ಫಿರಂಗಿಯಲ್ಲ, ರೈಲು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿತು. ಅಲ್ಲಿಯವರೆಗೆ ಪಶ್ಚಿಮಕ್ಕೆ ಮುಖಮಾಡಿ ಕಡಲನ್ನು ನೋಡುತ್ತಿದ್ದ ಮಲೆನಾಡಿನ ವ್ಯಾಪಾರ ಪೂರ್ವಕ್ಕೆ ತಿರುಗಿತು. ಅಡಿಕೆ ಮೂಟೆ ಘಟ್ಟ ಇಳಿಯುವ ಬದಲು ಶಿವಮೊಗ್ಗದ ಮಂಡಿ ಸೇರಿತು. ಅದೇ ಸುಮಾರಿನಲ್ಲಿ ತಾಲ್ಲೂಕಿನ ಕಚೇರಿಯೂ ನಗರವನ್ನು ಬಿಟ್ಟು ಕಲ್ಲೂರುಕಟ್ಟೆಗೆ ಹೋಯಿತು. ಆ ಊರಿಗೆ ಹೊಸನಗರವೆಂದು ಹೆಸರಾಯಿತು. ನಗರ ಹಳೆಯದಾಯಿತೆಂಬುದನ್ನು ಹೇಳಲು ಇದಕ್ಕಿಂತ ಬೇರೆ ಮಾತು ಬೇಕಿಲ್ಲ. ಇಂದು ನಗರಕ್ಕೆ ಹೋದವರು ಕೆರೆಯ ಅಂಚಿನ ಕೋಟೆಯನ್ನು ಹತ್ತಿ ನೋಡುತ್ತಾರೆ. ಸ್ವಲ್ಪ ದೂರದಲ್ಲಿ ಕಾಡಿನ ತಂಪಿನಲ್ಲಿರುವ ದೇವಗಂಗೆಯ ಕೊಳಗಳನ್ನು ನೋಡುತ್ತಾರೆ. ಬೆಟ್ಟದ ಸೆಲೆಯ ನೀರು ಕಲ್ಲಿನ ಕೊಳದಿಂದ ಕೊಳಕ್ಕೆ ಇಂದಿಗೂ ತಿಳಿಯಾಗಿ ಹರಿಯುತ್ತದೆ. ಅರಸರು ಹೋದರು, ಪೇಟೆ ಹೋಯಿತು. ನೀರಿನ ಏರ್ಪಾಟು ಮಾತ್ರ ಕೆಲಸ ಬಿಟ್ಟಿಲ್ಲ.

ಹಳೆಯ ಹಾದಿಯನ್ನು ಕಾಲಿನಿಂದಲೇ ತಿಳಿಯಬೇಕೆನ್ನುವವರು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೋಗಬೇಕು. ಅದರ ಇನ್ನೊಂದು ಹೆಸರು ಭುವನಗಿರಿದುರ್ಗ. ಗದ್ದೆಯ ಬದುವಿನ ಪಕ್ಕದಲ್ಲಿ ನಡೆದು ಕಾಡಿನ ಅಂಚಿಗೆ ಬಂದರೆ ಕಲ್ಲು ಹಾಸಿದ ಹಾದಿ ಮೊದಲಾಗುತ್ತದೆ. ಚಪ್ಪಡಿಗಳು ಕಾಲು ತುಳಿದು ನುಣುಪಾಗಿವೆ. ಒಂದಾದ ಮೇಲೊಂದು ಕೋಟೆ ಬಾಗಿಲು, ಬಾಗಿಲಿನ ಪಕ್ಕ ಕಾವಲಿನವರ ಕೋಣೆ, ಒಳಗೆ ಕೊಳಗಳು, ಗುಡಿಗಳು, ಅರಮನೆಯ ತಳಪಾಯ. ಆ ತಳಪಾಯದ ಮೇಲೆ ಮನೆಯ ನಕ್ಷೆಯನ್ನು ಇಂದಿಗೂ ಓದಬಹುದು: ಇದು ಅಡುಗೆಯ ಕಡೆ, ಇದು ಸ್ನಾನದ ಕಡೆ, ಇದು ನೀರು ಹೋಗುವ ಕಾಲುವೆ ಎಂದು. ಕೆಳದಿಯ ಅರಸರಿಗೆ ಆಪತ್ತಿನ ಕಾಲದ ಆಶ್ರಯ ಇದು. ೧೬೮೯ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನು ಜಿಂಜಿಗೆ ಹೋಗುವ ದಾರಿಯಲ್ಲಿ ಈ ಸೀಮೆಗೆ ಬಂದನು. ರಾಣಿ ಚೆನ್ನಮ್ಮಾಜಿ ಆತನಿಗೆ ರಕ್ಷಣೆ ಕೊಟ್ಟಳು. ಬೆನ್ನಟ್ಟಿ ಬಂದ ದೊಡ್ಡ ದಂಡನ್ನು ಎದುರಿಸಿದಳು. ಬಯಲುಸೀಮೆಯಲ್ಲಿ ಗೆದ್ದ ಸೈನ್ಯಕ್ಕೆ ಮಲೆನಾಡಿನ ಇಕ್ಕಟ್ಟಾದ ಹಾದಿ, ಮಳೆ, ಕಾಡು ಬೇರೆಯೇ ಪಾಠ ಕಲಿಸಿದುವು. ಇಲ್ಲಿ ಹಾದಿಯೂ ಒಂದು ಆಯುಧವಾಗಿತ್ತು.

ಇನ್ನು ಕೊಡಚಾದ್ರಿ. ಸಮುದ್ರಮಟ್ಟದಿಂದ ೧,೩೪೩ ಮೀಟರ್, ಅಂದರೆ ನಾಲ್ಕು ಸಾವಿರದ ನಾನೂರು ಅಡಿಯಷ್ಟು ಎತ್ತರ. ತುದಿಯಲ್ಲಿ ಕಲ್ಲಿನ ಪುಟ್ಟ ಮಂಟಪ. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿದರೆಂದು ಪ್ರತೀತಿ, ಜನ ಅದನ್ನು ಸರ್ವಜ್ಞ ಪೀಠವೆಂದು ಕರೆಯುತ್ತಾರೆ. ಕೆಳಗಿನ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಒಂದು ವಸ್ತು ಇದೆ. ಭದ್ರಾವತಿಯವರು ಅದನ್ನು ವಿಶೇಷವಾಗಿ ನೋಡಬೇಕು. ಅದು ನಲವತ್ತು ಅಡಿಯಷ್ಟು ಉದ್ದದ ಕಬ್ಬಿಣದ ಕಂಬ. ಹಳ್ಳಿಯವರು ದೇವಿಯ ತ್ರಿಶೂಲವೆನ್ನುತ್ತಾರೆ. ಲೋಹಶಾಸ್ತ್ರಜ್ಞರು ಬಂದು ಪರೀಕ್ಷಿಸಿ, ಇದು ಹಳೆಯ ಕುಲುಮೆಯ ಕಬ್ಬಿಣವನ್ನು ಬಡಿದು ಬೆಸೆದು ಮಾಡಿದ್ದೆಂದು ಹೇಳಿದ್ದಾರೆ. ವರ್ಷದಲ್ಲಿ ನಾಲ್ಕೈದು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ನಿಂತರೂ ತುಕ್ಕು ಅದನ್ನು ತಿಂದು ಹಾಕಿಲ್ಲ. ಕಾಡಿನ ಇದ್ದಲು, ಬೆಟ್ಟದ ಅದಿರು, ಕುಲುಮೆಯವನ ತಿದಿ, ಇಷ್ಟೇ ಆ ಕಾಲದ ಕಾರ್ಖಾನೆ.

ಇದನ್ನು ಹೇಳುವಾಗ ನಮ್ಮ ಹೊಸ ಊರಿನ ಮಾತು ತಾನಾಗಿಯೇ ಬರುತ್ತದೆ. ೧೯೧೮ರಲ್ಲಿ ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಬುನಾದಿ ಬಿದ್ದಿತು. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ೧೯೨೩ರಲ್ಲಿ ಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಲು. ಆರಂಭದ ಊದುಕುಲುಮೆ ಇದ್ದಲಿನಿಂದಲೇ ಉರಿಯುತ್ತಿತ್ತೆಂಬುದನ್ನು ನೆನೆದರೆ, ಕೊಡಚಾದ್ರಿಯ ಕಂಬಕ್ಕೂ ನ್ಯೂ ಟೌನಿನ ಚಿಮಣಿಗೂ ನಡುವೆ ಒಂದು ಹಳೆಯ ಹಾದಿ ಕಾಣುತ್ತದೆ. ನಾನಾ ಭಾಷೆಯ ಜನ ಬಂದರು. ನೇರವಾದ ಬೀದಿಗಳು, ಸಾಲು ಮನೆಗಳು, ಸೈರನ್ನಿನ ಹೊತ್ತಿಗೆ ಏಳುವ ಊರು ಆಯಿತು. ಬಿದಿರಿನ ಹಳ್ಳಿ ರಾಜಧಾನಿಯಾದ ಹಾಗೆಯೇ ಇದೂ. ಆದರೆ ೨೦೧೫ರಲ್ಲಿ ಇಲ್ಲಿನ ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ೨೦೨೩ರ ಆರಂಭದಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರಿಗೆ ಊರೇ ತಲ್ಲಣಿಸಿ ಬೀದಿಗಿಳಿಯಿತು. ನಗರದ ಕೋಟೆಯ ಮೇಲೆ ನಿಂತು ಕೆಳಗಿನ ಹಸಿರನ್ನು ನೋಡುವ ನ್ಯೂ ಟೌನಿನವನಿಗೆ ಬಿದನೂರಿನ ಕಥೆ ಪರರ ಕಥೆಯಾಗಿ ಕೇಳಿಸಲಾರದು. ಊರು ಕಲ್ಲಿನಿಂದ ನಿಲ್ಲುವುದಿಲ್ಲ; ಜನ ಅಲ್ಲಿಗೆ ಬರಲು ಒಂದು ಕಾರಣ ಇರಬೇಕು. ಕಾರಣ ತಪ್ಪಿದರೆ ಕಲ್ಲು ಮಾತ್ರ ಉಳಿಯುತ್ತದೆ.

ಕೆಲವು ಊರುಗಳಿಗೆ ಕಲ್ಲೂ ಉಳಿಯಲಿಲ್ಲ. ದೆಲ್ಲಾ ವಾಲೆ ಗೇರುಸೊಪ್ಪೆಯಿಂದ ಇಕ್ಕೇರಿಗೆ ನಡೆದ ಶರಾವತಿಯ ಕಣಿವೆಯಲ್ಲಿ ಬಹುಭಾಗ ಇಂದು ನೀರಿನ ಅಡಿಯಲ್ಲಿದೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ಬೆಳಕು ಬಂದಿತು. ಕಣಿವೆಯ ಹಳ್ಳಿಗಳು ಮುಳುಗಿದುವು. ಗದ್ದೆ ತೋಟ ಬಿಟ್ಟು ಬಂದ ಕುಟುಂಬಗಳನ್ನು ಶಿವಮೊಗ್ಗದ ಸುತ್ತಮುತ್ತಣ ಕಾಡಂಚಿನಲ್ಲಿ ನೆಲೆಗೊಳಿಸಿದರು. ಭೂಮಿಯ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳು ಅಲೆದದ್ದು ಜಿಲ್ಲೆಯಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ತುಮರಿಯ ಕಡೆಯವರು ಹತ್ತಾರು ವರ್ಷ ಲಾಂಚನ್ನೇ ನಂಬಿ ಬಾಳಿದರು. ೨೦೨೫ರ ಜುಲೈಯಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದಾಗ, ನೀರು ಕಡಿದ ಹಾದಿ ಆರು ದಶಕಗಳ ಮೇಲೆ ಮತ್ತೆ ಕೂಡಿಕೊಂಡಿತು. ಒಂದು ಹಾದಿಗೆ ಎಷ್ಟು ಬೆಲೆ ಎಂಬುದನ್ನು ಆ ದಡದ ಗರ್ಭಿಣಿಯರನ್ನೂ ಶಾಲೆಯ ಮಕ್ಕಳನ್ನೂ ಕೇಳಬೇಕು.

ಹಳೆಯ ಹಾದಿಗಳನ್ನು ಏನು ಮಾಡಬೇಕು? ಗಾಡಿ, ಬಸ್ಸು ಬಂದಮೇಲೆ ಅವುಗಳ ಕೆಲಸ ಮುಗಿಯಿತಲ್ಲವೆ ಎಂದು ಕೇಳಬಹುದು. ಈ ಪ್ರಶ್ನೆ ನಮಗೊಬ್ಬರಿಗೇ ಬಂದುದಲ್ಲ. ಸ್ಪೇನ್ ದೇಶದ ದಕ್ಷಿಣದಲ್ಲಿ ಸಿಯೆರಾ ನೆವಾಡ ಎಂಬ ಹಿಮದ ಬೆಟ್ಟಗಳ ತಪ್ಪಲಿಗೆ ಆಲ್ಪುಹಾರ್ರ ಎಂದು ಹೆಸರು. ಕಡಿದಾದ ಕಣಿವೆಯ ಮೇಲೆ ಪಾಂಪನೇರ, ಬುಬಿಯೋನ್, ಕಪಿಲೇರ ಎಂಬ ಬಿಳಿಯ ಗೋಡೆಯ ಹಳ್ಳಿಗಳು ಒಂದರ ಮೇಲೊಂದಾಗಿ ಅಂಟಿಕೊಂಡಿವೆ. ೧೪೯೨ರಲ್ಲಿ ಗ್ರನಾಡದ ಮುಸಲ್ಮಾನ ಅರಸು ಬಿದ್ದಮೇಲೂ ಅವನ ಪ್ರಜೆಗಳು ಈ ಬೆಟ್ಟಗಳಲ್ಲಿ ಉಳಿದಿದ್ದರು. ೧೫೬೮ರಿಂದ ೧೫೭೧ರವರೆಗೆ ದಂಗೆ ಎದ್ದು ಸೋತರು. ಅವರನ್ನು ಹೊರಡಿಸಿ ಬೇರೆ ಕಡೆಯ ಜನರನ್ನು ತಂದು ನೆಲೆಗೊಳಿಸಿದರು. ಆದರೆ ಹೋದವರು ತೋಡಿದ ನೀರಿನ ಕಾಲುವೆಗಳೂ ಮೆಟ್ಟಿಲು ಗದ್ದೆಗಳೂ ಉಳಿದುವು. ಅವುಗಳಿಂದಲೇ ಬಂದವರು ಬದುಕಿದರು. ಇಪ್ಪತ್ತನೆಯ ಶತಮಾನದಲ್ಲಿ ಕೆಲಸ ಹುಡುಕುತ್ತ ಯುವಕರು ಪಟ್ಟಣಕ್ಕೆ ಇಳಿದಾಗ ಹಳ್ಳಿಗಳು ಬರಿದಾಗತೊಡಗಿದುವು. ಆಮೇಲೆ ಆ ಜನ ಒಂದು ಉಪಾಯ ಮಾಡಿದರು. ಹೇಸರಗತ್ತೆಗಳು ನಡೆದ ಹಳೆಯ ಹಾದಿಗಳನ್ನು ಕಡಿದು ಚೊಕ್ಕಟಮಾಡಿ, ಕಲ್ಲಿನ ಮೇಲೆ ಕೆಂಪು ಬಿಳಿ ಪಟ್ಟೆಯ ಗುರುತು ಬರೆದು, ಊರಿನಿಂದ ಊರಿಗೆ ನಡೆಯುವವರನ್ನು ಕರೆದರು. ಯೂರೋಪಿನ ನಾನಾ ಕಡೆಯಿಂದ ಜನ ಬೆನ್ನಿಗೆ ಚೀಲ ಹಾಕಿಕೊಂಡು ಬರುತ್ತಾರೆ. ಹಳ್ಳಿಯಲ್ಲಿ ಉಣ್ಣುತ್ತಾರೆ, ಮಲಗುತ್ತಾರೆ, ಕಂಬಳಿ ಕೊಳ್ಳುತ್ತಾರೆ. ಹಾದಿ ಮತ್ತೆ ಊರಿಗೆ ಅನ್ನ ತಂದಿತು.

ಅವರದು ಒಣ ಬೆಟ್ಟ, ನಮ್ಮದು ಮಳೆಕಾಡು. ಅವರು ಮಾಡಿದುದೆಲ್ಲ ನಮಗೆ ಹೊಂದದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಲ್ಲಿ ಬಣ್ಣದ ಪಟ್ಟೆ ಒಂದು ಮಳೆಗಾಲವನ್ನು ತಾಳುವುದೂ ಸಂಶಯ. ನಮ್ಮ ಕಾಡಿನಲ್ಲಿ ಕಾಳಿಂಗಸರ್ಪ, ಸಿಂಗಳೀಕಗಳಿಗೂ ಮನೆ ಉಂಟು. ಅವುಗಳ ಮನೆಯೊಳಗೆ ಸಂತೆ ನೆರೆಸಬಾರದು. ಕೊಡಚಾದ್ರಿಯ ಮೇಲೆ ಜೀಪುಗಳು ಓಡಿ ಓಡಿ ಕೆಮ್ಮಣ್ಣು ಕೊರೆದುಹೋಗಿರುವುದನ್ನು ನೋಡಿದವರಿಗೆ ಈ ಎಚ್ಚರ ಬೇಕೆಂದು ಹೇಳಬೇಕಾಗಿಲ್ಲ. ಆದರೆ ಒಂದು ಅಂಶವನ್ನು ಆ ದೂರದ ಬೆಟ್ಟದವರಿಂದ ಕಲಿಯಬಹುದು. ಸ್ಮಾರಕವೆಂದರೆ ಕೋಟೆ, ಗುಡಿ ಮಾತ್ರವಲ್ಲ, ಹಾದಿಯೂ ಸ್ಮಾರಕ. ಕೋಟೆಯನ್ನು ಕಾಯುವವರು ಅದಕ್ಕೆ ಹೋಗುವ ಮೆಟ್ಟಿಲು ಕಲ್ಲನ್ನೂ ಕಾಯಬೇಕು. ರಸ್ತೆ ಅಗಲಮಾಡುವಾಗ ಹಳೆಯ ಕಟ್ಟೆ, ದಾರಿಬದಿಯ ಬಾವಿ, ವೀರಗಲ್ಲು, ಶಾಸನದ ಕಲ್ಲುಗಳನ್ನು ಜಲ್ಲಿಯ ಜೊತೆ ಸೇರಿಸಬಾರದು. ಯಾವ ಊರಿನಿಂದ ಯಾವ ಊರಿಗೆ ಹಾದಿ ಇತ್ತೆಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಶಾಲೆಯ ಮಕ್ಕಳು ಅವರನ್ನು ಕೇಳಿ ಬರೆದಿಟ್ಟರೆ ಅದೇ ದೊಡ್ಡ ಕೆಲಸ.

ಮನೆಯವರೆಲ್ಲ ಸೇರಿ ಹೊರಡುವವರಿಗೆ ಒಂದೆರಡು ಮಾತು. ಭದ್ರಾವತಿಯಿಂದಾಗಲಿ ಶಿವಮೊಗ್ಗದಿಂದಾಗಲಿ ಇಕ್ಕೇರಿ, ಕೆಳದಿಗಳನ್ನು ಒಂದು ದಿನದಲ್ಲಿ ನೋಡಿ ಬರಬಹುದು. ಕೆಳದಿಯ ರಾಮೇಶ್ವರ, ವೀರಭದ್ರ ಗುಡಿಗಳ ಜೊತೆಗೆ ಅಲ್ಲಿನ ವಸ್ತುಸಂಗ್ರಹಾಲಯದ ಓಲೆಗರಿಗಳನ್ನೂ ಮಕ್ಕಳಿಗೆ ತೋರಿಸಬೇಕು. ಕವಲೇದುರ್ಗಕ್ಕೆ ತೀರ್ಥಹಳ್ಳಿಯ ಕಡೆಯಿಂದ ಇನ್ನೊಂದು ದಿನ. ನಗರ ಮತ್ತು ದೇವಗಂಗೆಗೆ ಹೊಸನಗರದ ಮೇಲಿನ ದಾರಿ. ಮಳೆ ಮುಗಿದು ಚಳಿ ಹಿಡಿಯುವ ಕಾಲ ಒಳ್ಳೆಯದು. ಕೊಡಚಾದ್ರಿ ಏರುವವರು ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ದಾರಿ ಬಲ್ಲವರನ್ನು ಕೂಡಿಕೊಂಡು, ಬೆಳಗ್ಗೆ ಬೇಗನೆ ಹೊರಡಬೇಕು. ಬುತ್ತಿ ಕಟ್ಟಿದ ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಕಟ್ಟಿಕೊಂಡೇ ಹಿಂತಿರುಗಬೇಕು.

ನಡೆಯುವಾಗ ಒಂದು ಆಟ ಆಡಬಹುದು. ಕಾಲ ಕೆಳಗಿನ ಒಂದು ಚಪ್ಪಡಿ ಕಲ್ಲನ್ನು ನೋಡಿ, ಇದನ್ನು ಯಾರು ಯಾರು ತುಳಿದಿರಬಹುದೆಂದು ಮಕ್ಕಳನ್ನು ಕೇಳುವುದು. ಉಪ್ಪಿನ ಚೀಲ ಹೊತ್ತ ಎತ್ತು, ಸುಂಕದ ಮಣೆಗಾರ, ಹರಕೆ ಹೊತ್ತ ಮುದುಕಿ, ತವರಿಗೆ ಹೊರಟ ಸೊಸೆ, ರೋಮ್ ನಗರದ ಪ್ರವಾಸಿ, ಓಡಿಬಂದ ರಾಜಕುಮಾರ, ಸೋತು ಇಳಿದ ಸಿಪಾಯಿ. ಚರಿತ್ರೆಯ ಪುಸ್ತಕದಲ್ಲಿ ಇವರಲ್ಲಿ ಇಬ್ಬರು ಮೂವರ ಹೆಸರು ಮಾತ್ರ ಸಿಗುತ್ತದೆ. ಕಲ್ಲಿನ ನುಣುಪು ಎಲ್ಲರದು. ರಸ್ತೆಗೆ ವರ್ಷ ವರ್ಷ ಡಾಂಬರು ಹಾಕಿ ದುರಸ್ತಿಮಾಡಬೇಕು. ಕಾಲುದಾರಿಗೆ ಬೇರೆ ದುರಸ್ತಿ ಬೇಕಿಲ್ಲ, ಕಾಲು ಬಿದ್ದರೆ ಸಾಕು. ಎರಡು ಮಳೆಗಾಲ ಯಾರೂ ನಡೆಯದಿದ್ದರೆ ಕಾಡು ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ.